ಸೂಳೆಕೆರೆಯ ಮೀನಿಗೆ ಮಳೆಗಾಲದ ಬಿಡುವು ಬೇಕು

ಮಾನ್ಯ ಸಂಪಾದಕರೇ,

ಚನ್ನಗಿರಿ ತಾಲ್ಲೂಕಿನ ನಮ್ಮ ಸೂಳೆಕೆರೆಗೆ ಮುಂಗಾರಿನಲ್ಲಿ ಹೊಸನೀರು ಬರತೊಡಗಿದೊಡನೆ, ಮೊಟ್ಟೆ ತುಂಬಿಕೊಂಡ ಮೀನುಗಳು ಹಳ್ಳದ ಸೆಳವಿಗೆ ಎದುರಾಗಿ ಏರಿ ಬರುತ್ತವೆ. ಆಗಲೇ, ಅಲ್ಲಿಯೇ ಬಲೆಯೊಡ್ಡಿ ಹಿಡಿಯುವವರೂ ಇದ್ದಾರೆ. ಹಾಗೆ ಹಿಡಿದ ಒಂದೊಂದು ಮೀನಿನೊಡನೆ ಸಾವಿರಾರು ಮರಿಗಳೂ ಇಲ್ಲವಾಗುತ್ತವೆ ಎಂಬುದು ನೋಡಿದವರಿಗೆ ಸಂಕಟದ ಸಂಗತಿ.

ಮೀನುಗಾರಿಕೆ ಇಲಾಖೆಯು ಕೆರೆ, ಜಲಾಶಯಗಳಿಗೆ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಡುವುದು ಮೆಚ್ಚತಕ್ಕ ಕೆಲಸ. ಈ ಜಾತಿಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲವಾದ್ದರಿಂದ ಬಿತ್ತನೆ ಅನಿವಾರ್ಯವೇ ಸರಿ. ಆದರೆ ಬೆರಳುದ್ದಕ್ಕೂ ಬೆಳೆಯದ ಮರಿಗಳನ್ನು ಬಿಟ್ಟರೆ ಅವು ಬೇಟೆಮೀನುಗಳಿಗೆ ಆಹಾರವಾಗುವುದೇ ಹೆಚ್ಚು. ಆದುದರಿಂದ ಎಣಿಕೆಗಿಂತ ಗಾತ್ರಕ್ಕೆ ಬೆಲೆ ಕೊಡಬೇಕು. ಕೊರವದಂಥ ಸ್ಥಳೀಯ ಮೀನುಗಳಿಗಾದರೋ ಬೇಕಾದುದು ಬಿತ್ತನೆಯಲ್ಲ, ಬಲೆಯಿಲ್ಲದ ಎರಡು ತಿಂಗಳು.

ಒಳನಾಡು ಮೀನುಗಾರಿಕೆಯ ಸಂರಕ್ಷಣೆ ಮತ್ತು ನಿಯಂತ್ರಣಕ್ಕೆಂದೇ ರಾಜ್ಯದಲ್ಲಿ 1996ರ ಕಾಯ್ದೆಯಿದೆ. ಅದರ ಬಲದಿಂದ ಮೊಟ್ಟೆಯಿಡುವ ಕಾಲದಲ್ಲಿ ಹಳ್ಳದ ಬಾಯಿಗಳಲ್ಲಿ ಮೀನು ಹಿಡಿಯುವುದನ್ನೂ, ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಗಳನ್ನೂ ಕಟ್ಟುನಿಟ್ಟಾಗಿ ತಡೆಯಬೇಕು. ಆ ದಿನಗಳಲ್ಲಿ ಕೆರೆಯನ್ನೇ ನಂಬಿದ ಬೆಸ್ತರ ಮನೆಗಳಿಗೆ ಜೀವನಭತ್ಯೆ ನೀಡದೆ ನಿಷೇಧ ಹೇರುವುದು ಮಾತ್ರ ನ್ಯಾಯವಾಗದು. ಮುಂದಿನ ಮುಂಗಾರಿಗೆ ಮೊದಲೇ ಇಲಾಖೆಯು ಅವರ ಸಹಕಾರ ಸಂಘಗಳೊಡನೆ ಕುಳಿತು ಈ ಎರಡನ್ನೂ ತೀರ್ಮಾನಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಚನ್ನಗಿರಿ, ದಾವಣಗೆರೆ ಜಿಲ್ಲೆ