ಈ ತಿಂಗಳ ಆಟ: ಡಿಸ್ಕೋ ಎಲಿಸಿಯಮ್

ಎಲ್ಲರಿಗೂ ನಮಸ್ಕಾರ. ಈ ತಿಂಗಳು ನಾವೆಲ್ಲ ಆಡೋಕೆ 2019ರಲ್ಲಿ ಬಂದ ಡಿಸ್ಕೋ ಎಲಿಸಿಯಮ್ ಅನ್ನೋ ವಿಡಿಯೋ ಗೇಮ್ ಆರಿಸಿದ್ದೇನೆ. ಕತ್ತಿ, ಮಂತ್ರ ಏನೂ ಇಲ್ಲ. ಹೊಡೆದಾಟ ಕೂಡ ಮಾತು, ದಾಳದಲ್ಲೇ ನಡೆಯುತ್ತದೆ. ಇದೂ ಆರ್‌ಪಿಜಿನಾ (ನಾವೇ ಒಂದು ಪಾತ್ರವಾಗಿ ಆಡುವ ಆಟ) ಅಂತ ಕೆಲವರು ಕೇಳುತ್ತಾರೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಆರ್‌ಪಿಜಿ ಇಲ್ಲ.

ಶುರುವನ್ನೇ ನೋಡಿ. ಕೊಲೆಯೊಂದರ ತನಿಖೆಗೆ ಬಂದು, ಕುಡಿದು ನೆನಪೆಲ್ಲ ಕಳೆದುಕೊಂಡ ಪತ್ತೇದಾರ ಹೋಟೆಲ್ ರೂಮಿನಲ್ಲಿ ಏಳುತ್ತಾನೆ. ಅವನ ಟೈ ಛಾವಣಿಯಲ್ಲಿ ತಿರುಗುವ ಫ್ಯಾನಿಗೆ ಸಿಕ್ಕಿಕೊಂಡಿದೆ. ಅದನ್ನು ಎಳೆದುಕೊಳ್ಳೋಕೂ ದಾಳ ಬೀಳಬೇಕು. ದೇಹಬಲ ತೀರಾ ಕಮ್ಮಿ ಇಟ್ಟುಕೊಂಡಿದ್ದರೆ ಅಲ್ಲೇ ಎದೆ ನಿಂತು ಆಟ ಮುಗಿಯಬಹುದು! ಅವನ 24 ಕೌಶಲಗಳೂ ತಲೆಯೊಳಗೆ ಮಾತಾಡುತ್ತವೆ, ಒಂದರ ಮಾತಿಗೆ ಇನ್ನೊಂದು ಅಡ್ಡ ಬರುತ್ತದೆ.

ಒಂದು ವಿನಂತಿ. ದಾಳ ಸೋತ ಕೂಡಲೇ ಹಳೆಯ ಸೇವ್‌ಗೆ ಹೋಗಬೇಡಿ. ದಾಳ ಹಾಕಿ ನೋಡುವ ಪರೀಕ್ಷೆಗೆ ಆಟದಲ್ಲಿ ಚೆಕ್ ಅಂತಾರೆ. ಬಿಳಿ ಚೆಕ್ ಆದರೆ ಆ ಕೌಶಲಕ್ಕೆ ಪಾಯಿಂಟ್ ಹಾಕಿ ಮತ್ತೆ ನೋಡಬಹುದು. ಕೆಂಪಿಗೆ ಒಂದೇ ಅವಕಾಶ. ಸೋತಾಗಲೂ ಕಥೆ ಮುಂದೆ ಹೋಗುತ್ತದೆ, ಎಷ್ಟೋ ಸಲ ಚೆನ್ನಾಗಿಯೇ ಹೋಗುತ್ತದೆ.

ಓದೋದು ಜಾಸ್ತಿ ಇದೆ. 2021ರಲ್ಲಿ ಬಂದ ಫೈನಲ್ ಕಟ್ ಅನ್ನೋ ಆವೃತ್ತಿಯಲ್ಲಿ ಪಾತ್ರಗಳಿಗೆಲ್ಲ ದನಿ ಇದೆ, ಅದನ್ನೇ ಹಾಕಿಕೊಳ್ಳಿ.

ಕೊಲೆ ಮಾಡಿದ್ದು ಯಾರು ಅಂತ ತಿಂಗಳ ಕೊನೆಯವರೆಗೆ ಇಲ್ಲಿ ಬರೆಯಬೇಡಿ. ಪತ್ತೇದಾರನ ಜೊತೆ ತನಿಖೆ ಮಾಡುವ ಕಿಮ್ ಬಗ್ಗೆ ಮಾತ್ರ ಎಷ್ಟು ಬೇಕಾದರೂ ಬರೆಯಿರಿ.