ಅಪ್‌ಡೇಟ್ ನಿಲ್ಲಿಸಬೇಡಿ, ಡ್ರೈವರ್ ಸರಿಯಾಗಿ ಹಾಕಿಸಿ

ಸಂಪಾದಕರಿಗೆ ನಮಸ್ಕಾರ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅಪ್‌ಡೇಟ್ ಅವಧಿ ಮುಗಿದ ಮೇಲೆ ನಮ್ಮ ತುಮಕೂರಿನಲ್ಲೂ ಹಳೇ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಸಿಕೊಳ್ಳುವವರು ಕಾಣಿಸುತ್ತಿದ್ದಾರೆ. ಡಿಟಿಪಿ ಮಾಡುವವರು, ಫೋಟೊ ಸ್ಟುಡಿಯೊದವರು, ಡಿಪ್ಲೊಮಾ ಓದುವ ಮಕ್ಕಳು. ಇವರಲ್ಲಿ ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್ (ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ) ಇರುವ ಕೆಲವರಿಗೆ ಒಂದು ದಿನ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಮಾಡಿದರೆ ಪರದೆ ಕಪ್ಪು. ಅಂಗಡಿಗೆ ಹೊತ್ತುಕೊಂಡು ಹೋದರೆ 'ಅಪ್‌ಡೇಟ್ ಆಫ್ ಮಾಡಿಬಿಡಿ' ಅನ್ನುತ್ತಾರೆ. ಈ ಸಲಹೆ ತಪ್ಪು. ಸೆಕ್ಯುರಿಟಿ ದೋಷ ಸರಿಪಡಿಸುವುದೂ ಅದೇ ಅಪ್‌ಡೇಟ್ ಅಲ್ವಾ?

ಕಾರ್ಡನ್ನು ನಡೆಸುವ ತಂತ್ರಾಂಶವೇ ಡ್ರೈವರ್. ಇಂಟೆಲ್, ಎಎಂಡಿ ಕಾರ್ಡುಗಳ ಡ್ರೈವರ್‌ಗಳು ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆಗೇ ಬರುತ್ತವೆ. ಎನ್‌ವಿಡಿಯಾ ಕಂಪನಿಯ ಸ್ವಂತ ಡ್ರೈವರ್ ಹೊರಗಿನಿಂದ ಸೇರಿಸುವ ಮಾಡ್ಯೂಲ್ (ಕರ್ನಲ್‌ಗೆ ಜೋಡಿಸುವ ತುಣುಕು), ಹಾಗಾಗಿ ಅಪ್‌ಡೇಟ್‌ನಲ್ಲಿ ಕರ್ನಲ್ ಬದಲಾದಾಗೆಲ್ಲ ಅದಕ್ಕೆ ಹೊಂದುವ ಮಾಡ್ಯೂಲ್ ಬೇಕೇ ಬೇಕು. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನ 'ಅಡಿಷನಲ್ ಡ್ರೈವರ್ಸ್' ಕಿಟಕಿಯಿಂದ ಹಾಕಿದರೆ ಅದನ್ನು ಸಿಸ್ಟಮ್ಮೇ ನೋಡಿಕೊಳ್ಳುತ್ತದೆ. ಹೊಸ ಕರ್ನಲ್ ಬಂದಾಗೆಲ್ಲ ಮಾಡ್ಯೂಲನ್ನು ತಾನೇ ಮತ್ತೆ ತಯಾರಿಸುವ ಡಿಕೆಎಂಎಸ್ ಮೂಲಕ ಹಾಕಿದ್ದರೆ ಆ ಕರ್ನಲ್‌ನ ಹೆಡರ್ ಫೈಲುಗಳೂ (ಮಾಡ್ಯೂಲ್ ತಯಾರಿಸಲು ಬೇಕಾದ ಫೈಲುಗಳು) ಇರಬೇಕು, ಇಲ್ಲದಿದ್ದರೆ ಮಾಡ್ಯೂಲ್ ತಯಾರಾಗುವುದೇ ಇಲ್ಲ. ಕಂಪನಿಯ ವೆಬ್‌ಸೈಟಿನಿಂದ 'ರನ್' ಫೈಲ್ ಇಳಿಸಿ ಡಿಕೆಎಂಎಸ್ ಇಲ್ಲದೆ ಹಾಕಿಬಿಟ್ಟರೆ ಮುಂದಿನ ಕರ್ನಲ್ ಬಂದ ದಿನ ಡ್ರೈವರ್ ಕೈಕೊಡುತ್ತದೆ. ಕಂಪ್ಯೂಟರ್ ಏಳುವಾಗಲೇ ನಂಬಿಕೆಯ ಗುರುತಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದು ಡಿಕೆಎಂಎಸ್ ಬಳಸುವವರು ಇನ್ನೊಂದು ಗಮನಿಸಿ. ಡ್ರೈವರ್ ಹಾಕಿದ ಮೇಲಿನ ರೀಸ್ಟಾರ್ಟ್‌ನಲ್ಲಿ ನೀಲಿ ಪರದೆಯೊಂದು ಬಂದು, ಡ್ರೈವರ್ ಹಾಕುವಾಗ ಇಟ್ಟ ಪಾಸ್‌ವರ್ಡ್ ಕೇಳುತ್ತದೆ. ಏನೋ ತೊಂದರೆ ಅಂದುಕೊಂಡು ಸುಮ್ನೆ ಮುಂದಕ್ಕೆ ಹೋದರೆ ಡ್ರೈವರ್ ಲೋಡ್ ಆಗುವುದಿಲ್ಲ.

ಜಾಸ್ತಿ ಕಷ್ಟ ಹಳೇ ಕಾರ್ಡಿನವರಿಗೆ. ಜಿಟಿ 710ರಂಥ ಕೆಪ್ಲರ್ ಪೀಳಿಗೆಯ ಕಾರ್ಡುಗಳಿಗೆ ಎನ್‌ವಿಡಿಯಾ ಡ್ರೈವರ್‌ನ 470ನೇ ಸರಣಿಯೇ ಕೊನೆ, ಜಿಟಿಎಕ್ಸ್ 1050ರಂಥವಕ್ಕೆ 580. ಕಾರ್ಡ್ ಚೆನ್ನಾಗಿಯೇ ಇರುತ್ತದೆ, ಆದರೆ ಕರ್ನಲ್ ಮುಂದೆ ಹೋದ ಹಾಗೆಲ್ಲ ಹಳೇ ಡ್ರೈವರ್ ಅದಕ್ಕೆ ಹೊಂದದೇ ಹೋಗಬಹುದು. ಇಂಥವರು ಉಬುಂಟು ಎಲ್‌ಟಿಎಸ್ (ಹೆಚ್ಚು ವರ್ಷ ಅಪ್‌ಡೇಟ್ ಸಿಗುವ ಆವೃತ್ತಿ) ಬಿಡುಗಡೆಯಾದಾಗ ಇದ್ದ ಮೊದಲಿನ ಕರ್ನಲ್ ಸರಣಿಯಲ್ಲೇ ಉಳಿಯುವುದು ಒಳ್ಳೇದು. ಎಲ್‌ಟಿಎಸ್ 24.04 ಆವೃತ್ತಿಯಲ್ಲಿ ಅದು 6.8. ಅದಕ್ಕೂ ಸೆಕ್ಯುರಿಟಿ ಅಪ್‌ಡೇಟ್ ಬರುತ್ತಲೇ ಇರುತ್ತದೆ, ಸರಣಿ ಮಾತ್ರ ಜಿಗಿಯುವುದಿಲ್ಲ. ಬರೀ ಟೈಪಿಂಗ್, ಪುಟ ಜೋಡಣೆ ಅಷ್ಟೇ ಕೆಲಸ ಅಂದರೆ ಜಿಟಿ 710ಕ್ಕೆ ಕರ್ನಲ್ ಜೊತೆ ಬರುವ ನೂವೋ ಎಂಬ ಬೇರೆ ಡ್ರೈವರ್ ಸಾಕು, ಈ ತಲೆನೋವೇ ಬೇಡ.

ಪರದೆ ಕಪ್ಪಾದರೂ ಫಾರ್ಮ್ಯಾಟ್ ಮಾಡಿಸಲು ಓಡಬೇಡಿ, ಫೈಲುಗಳೆಲ್ಲ ಹಾಗೇ ಇರುತ್ತವೆ. ಆನ್ ಮಾಡುವಾಗ ಶಿಫ್ಟ್ ಅಥವಾ ಎಸ್ಕೇಪ್ ಕೀ ಒತ್ತಿದರೆ ಯಾವ ಕರ್ನಲ್‌ನಿಂದ ಏಳಬೇಕು ಅಂತ ಆರಿಸುವ ಗ್ರಬ್ ಮೆನು ಬರುತ್ತದೆ. ಅಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್'ಗೆ ಹೋಗಿ ಹಿಂದಿನ ಕರ್ನಲ್ ಆರಿಸಿದರೆ ಸಾಮಾನ್ಯವಾಗಿ ಕಂಪ್ಯೂಟರ್ ಮೊದಲಿನಂತೆ ಏಳುತ್ತದೆ, ಆಮೇಲೆ ಡ್ರೈವರ್ ಸರಿಮಾಡಿಕೊಳ್ಳಬಹುದು.

ಬಿ.ಎಚ್. ರಸ್ತೆ, ಎಂ.ಜಿ. ರಸ್ತೆಯ ಕಂಪ್ಯೂಟರ್ ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಲಿನಕ್ಸ್ ಹಾಕಿಕೊಡುವಾಗ ಕಾರ್ಡ್ ಯಾವುದು, ಡ್ರೈವರ್ ಯಾವ ಸರಣಿ ಅಂತ ಬಿಲ್ಲಿನ ಮೇಲೆ ಬರೆದುಕೊಡಿ. ಹಿಂದಿನ ಕರ್ನಲ್ ಆರಿಸುವುದು ಹೇಗೆ ಅಂತ ಗ್ರಾಹಕರಿಗೆ ಅಲ್ಲೇ ಒಮ್ಮೆ ತೋರಿಸಿ ಕಳಿಸಿ.

– ಒಬ್ಬ ಓದುಗ, ಬಟವಾಡಿ, ತುಮಕೂರು