ಆಂಟಿಬಯೋಟಿಕ್ ಚೀಟಿ ಕನ್ನಡದಲ್ಲೂ ಇರಲಿ

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನಮ್ಮ ಹಟ್ಟಿಯ ಹಸುವಿಗೆ ಕೆಚ್ಚಲು ಬಾವು ಬಂತು. ಹಾಲಿನಲ್ಲಿ ಮೊಸರಿನಂಥ ಚೂರು ಕಂಡ ದಿನವೇ ವೈದ್ಯರು ಬಂದು, ತೊಟ್ಟಿನೊಳಗೆ ಬಿಡುವ ಆಂಟಿಬಯೋಟಿಕ್ ಟ್ಯೂಬುಗಳನ್ನೂ ಒಂದು ಚೀಟಿಯನ್ನೂ ಕೊಟ್ಟು ಹೋದರು. ಎರಡು ದಿನಕ್ಕೆ ಹಾಲು ಸರಿಯಾಯಿತು. ಉಳಿದ ಟ್ಯೂಬು ಇನ್ನೊಮ್ಮೆಗೆ ಬೇಕಾದೀತೆಂದು ಮಾಡಿನ ಸಂದಿಯಲ್ಲಿ ಇಟ್ಟೆ. ತಿಂಗಳೊಳಗೆ ಬಾವು ಮರಳಿತು. ಆ ತೊಟ್ಟಿನಲ್ಲಿ ಈಗ ಹಾಲಿಲ್ಲ. ನೆರೆಮನೆಯ ಹುಡುಗ ಚೀಟಿ ಓದಿ ಹೇಳಿದ್ದು ಆಮೇಲೆ: ಹಾಲು ಸರಿಯಾದರೂ ಎಲ್ಲ ಟ್ಯೂಬು ಮುಗಿಸಬೇಕು ಎಂದು ಅದರಲ್ಲಿತ್ತು. ಚೀಟಿ ಇದ್ದದ್ದು ಮಲೆಯಾಳದಲ್ಲಿ; ಮಲೆಯಾಳ ನನಗೆ ಮಾತಾಡಲು ಬರುತ್ತದೆ, ಓದಲು ಬಾರದು. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕದ ಕಡೆ ನನ್ನ ಪ್ರಾಯದ ಎಷ್ಟೋ ಹೆಂಗಸರು ಹೀಗೆಯೇ.

ಕೆಚ್ಚಲು ಬಾವು ತರುವ ರೋಗಾಣುಗಳು ಹಲವು. ಅವುಗಳಲ್ಲಿ ಒಂದರ ಹೆಸರು ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೇ. ಅಗಲಾಕ್ಟಿಯೇ ಎಂದರೆ ಹಾಲು ಬತ್ತುವುದು ಎಂದೇ ಅರ್ಥವಂತೆ. ಸೂಕ್ಷ್ಮದರ್ಶಕದಲ್ಲಿ ಮಣಿಸರದ ಹಾಗೆ ಕಾಣುವ ಈ ಜೀವಿ ಕೆಚ್ಚಲಿನೊಳಗೇ ಮನೆ ಮಾಡಿಕೊಂಡು, ಹಿಂಡುವವರ ಕೈಯಿಂದಲೂ ಎಲ್ಲ ಹಸುಗಳಿಗೆ ಒರೆಸುವ ಒಂದೇ ಬಟ್ಟೆಯಿಂದಲೂ ಹಬ್ಬುತ್ತದೆ. ಹಿಂಡಿದ ಮೇಲೆ ಅರ್ಧ ಗಂಟೆಯಷ್ಟು ತೊಟ್ಟಿನ ಬಾಯಿ ತೆರೆದೇ ಇರುತ್ತದೆ. ನಮ್ಮ ಅತ್ತೆ ಹಾಲು ಕರೆದ ಕೂಡಲೇ ಹುಲ್ಲು ಹಾಕುತ್ತಿದ್ದರು, ಹಸು ತಿನ್ನುತ್ತ ನಿಂತೇ ಇರಲಿ, ಸೆಗಣಿಯ ಮೇಲೆ ಮಲಗದಿರಲಿ ಎಂದು. ಎಷ್ಟು ಸರಿಯಾದ ಕ್ರಮ! ಈ ರೋಗಾಣು ಪೆನ್ಸಿಲಿನ್‌ಗೆ ಸುಲಭವಾಗಿ ಬಗ್ಗುತ್ತದೆ. ಪೂರ್ತಿ ಮದ್ದು ಕೊಟ್ಟಿದ್ದರೆ ನಮ್ಮ ಹಸುವಿನ ತೊಟ್ಟು ಉಳಿಯುತ್ತಿತ್ತೋ ಏನೋ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ಹಸುವಿನದ್ದು ಹೋಗಲಿ ಎನ್ನೋಣ. ನನ್ನ ತಂಗಿಯ ಮಗಳಿಗೆ ಒಂಬತ್ತು ವರ್ಷದಲ್ಲಿ ಗಂಟಲು ನೋವು, ಜ್ವರ ಬಂತು. ಹತ್ತು ದಿನದ ಮದ್ದನ್ನು ಮೂರನೆಯ ದಿನ ನಿಲ್ಲಿಸಿದರು, ಮಗು ಆಡುತ್ತಿದ್ದಳಲ್ಲ ಎಂದು. ಮೂರು ವಾರದ ಮೇಲೆ ಮೊಣಕಾಲು ಊದಿತು. ಅದು ಇಳಿಯುವಷ್ಟರಲ್ಲಿ ಹರಡಿನ ಗಂಟು ಊದಿತು. ಮಂಗಳೂರಿಗೆ ಕರೆದೊಯ್ದಾಗ ಹೃದಯದ ಕವಾಟಕ್ಕೆ ಏಟು ಬಿದ್ದಿದೆ ಎಂದರು. ಇದು ರುಮ್ಯಾಟಿಕ್ ಜ್ವರ. ಗಂಟಲಿಗೆ ಬರುವುದು ಅದೇ ಕುಲದ ಬೇರೊಂದು ಜಾತಿ, ಸ್ಟ್ರೆಪ್ಟೊಕಾಕಸ್ ಪಯೋಜೆನಸ್. ಅದರ ವಿರುದ್ಧ ಹೋರಾಡಲು ಎದ್ದ ಮೈಯ ರಕ್ಷಣಾ ಶಕ್ತಿ ಕೆಲವು ಮಕ್ಕಳಲ್ಲಿ ಹೃದಯವನ್ನೇ ವೈರಿಯೆಂದು ತಿಳಿದು ಹೊಡೆಯುತ್ತದೆ. 5ರಿಂದ 15ರ ಪ್ರಾಯದಲ್ಲಿ ಇದು ಹೆಚ್ಚು. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಪೆನ್ಸಿಲಿನ್ ಆರಂಭಿಸಿ ಪೂರ್ತಿ ಮಾಡಿದರೆ ಇದನ್ನು ತಡೆಯಬಹುದು. ಈಗ ಆ ಮಗು 21 ದಿನಕ್ಕೊಮ್ಮೆ ಸೊಂಟಕ್ಕೆ ಪೆನ್ಸಿಲಿನ್ ಸೂಜಿ ಚುಚ್ಚಿಸಿಕೊಳ್ಳುತ್ತಾಳೆ. ಇನ್ನೂ ಎಷ್ಟೋ ವರ್ಷ ಚುಚ್ಚಿಸಿಕೊಳ್ಳಬೇಕು.

ಎಲ್ಲ ಗಂಟಲು ನೋವಿಗೂ ಆಂಟಿಬಯೋಟಿಕ್ ನುಂಗಿ ಎಂದು ನಾನು ಹೇಳುತ್ತಿಲ್ಲ. ಮೂಗು ಸೋರಿ, ಕೆಮ್ಮಿನ ಜೊತೆ ಬರುವುದು ಹೆಚ್ಚಾಗಿ ವೈರಸ್ಸಿನದ್ದು, ಅದಕ್ಕೆ ಈ ಮದ್ದು ನಾಟುವುದಿಲ್ಲ. ಯಾವುದಕ್ಕೆ ಬೇಕೆಂದು ಡಾಕ್ಟರೇ ಹೇಳಲಿ. ಆದರೆ ಹೇಳಿದ್ದು ನಮಗೆ ತಿಳಿಯಬೇಕು.

ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯಲು ಕೇರಳದಲ್ಲಿ 2024ರಲ್ಲಿ ಆಪರೇಷನ್ ಅಮೃತ್ ಶುರುವಾಯಿತು. ಒಳ್ಳೆಯ ಕೆಲಸ. ಆದರೆ ಅಂಗಡಿಯಿಂದ ಮನೆಗೆ ಬಂದ ಮದ್ದನ್ನು ಎಷ್ಟು ದಿನ ಕೊಡಬೇಕು, ಹಸುವಿಗೆ ಮದ್ದು ಬಿಟ್ಟ ಮೇಲೆ ಎಷ್ಟು ದಿನ ಹಾಲು ಸೊಸೈಟಿಗೆ ಹಾಕಬಾರದು ಎಂಬುದನ್ನು ಕಾಸರಗೋಡಿನ ಕನ್ನಡಿಗರಿಗೆ ಕನ್ನಡದಲ್ಲಿ ಬರೆದು ಕೊಡುವವರು ಬೇಕು. ಆರೋಗ್ಯ ಇಲಾಖೆ ಮತ್ತು ಮೃಗಸಂರಕ್ಷಣಾ ಇಲಾಖೆ ಕೂಡಿ ಒಂದು ಪುಟದ ಚೀಟಿ ಅಚ್ಚು ಮಾಡಿಸಿದರೆ ಸಾಕು. ಹಾಲಿನ ಸೊಸೈಟಿ, ಅಂಗನವಾಡಿ, ಶಾಲೆಗಳಿಗೆ ಕಳಿಸಲಿ. ನಮ್ಮ ಸೊಸೈಟಿಯ ಗೋಡೆಗೆ ಅಂಟಿಸುವ ಕೆಲಸ ನಾನು ಮಾಡುತ್ತೇನೆ. ಬೆಳಗ್ಗೆ ಹಾಲು ಅಳೆಸಲು ಬರುವವರಿಗೆ ಓದಿಯೂ ಹೇಳುತ್ತೇನೆ.

ಇತಿ,
ಓರ್ವ ಹೈನುಗಾರ್ತಿ
ಪೆರ್ಲ, ಕಾಸರಗೋಡು ಜಿಲ್ಲೆ